‘ಅನ್‌ಸ್ಕ್ರೂಪ್ಯುಲಸ್’ ಎಂದು ಬರೆದುಬಿಟ್ಟೆ, ಈಗ ಹೇಗೆ ಸರಿಪಡಿಸಲಿ?

ಪ್ರಶ್ನೆ: ನಾನು ಮೈಸೂರಿನ ಸಮೀಪದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ವಿಭಾಗದ ಮೇಲ್ವಿಚಾರಕಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಚೇರಿಯ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ಎರಡು ವರ್ಷಗಳಿಂದ ಪದಪಟ್ಟಿಯೊಂದನ್ನು ಇಟ್ಟುಕೊಂಡು ದಿನಕ್ಕೆ ಐದರಂತೆ ಹೊಸ ಪದ ಕಲಿಯುತ್ತಿದ್ದೇನೆ. ಅದರಲ್ಲಿ ‘ಸ್ಕ್ರೂಪ್ಯುಲಸ್’ ಎಂದರೆ ಬಹಳ ಜಾಗರೂಕತೆಯಿಂದ, ಅಚ್ಚುಕಟ್ಟಾಗಿ ಕೆಲಸ ಮಾಡುವವರು ಎಂದಿತ್ತು. ನಮ್ಮ ವಿಭಾಗದ ಹಿರಿಯ ಗುಮಾಸ್ತರೊಬ್ಬರು ಸ್ಟಾಕ್ ರಿಜಿಸ್ಟರನ್ನು ಅಂದಂದೇ ಬರೆಯುವುದಿಲ್ಲ. ಎರಡು ಮೂರು ದಿನಗಳ ಇಂಡೆಂಟುಗಳನ್ನು (ಸಾಮಾನು ಬೇಡಿಕೆಯ ಚೀಟಿಗಳನ್ನು) ಗುಡ್ಡೆ ಹಾಕಿಕೊಂಡು ಒಟ್ಟಿಗೆ ಬರೆಯುತ್ತಾರೆ, ಕೂಡುವಾಗ ತಪ್ಪುತ್ತಾರೆ. ವಾರ್ಷಿಕ ಮೌಲ್ಯಮಾಪನ ವರದಿಯಲ್ಲಿ ‘ಕೇರ್‌ಲೆಸ್’ ಎಂದು ಬರೆದರೆ ಒರಟಾದೀತು, ಸ್ವಲ್ಪ ಗೌರವದ ಪದವಿರಲಿ ಎಂದುಕೊಂಡು ‘ಹಿ ಈಸ್ ಅನ್‌ಸ್ಕ್ರೂಪ್ಯುಲಸ್ ಇನ್ ಮೇಂಟೇನಿಂಗ್ ದ ಸ್ಟಾಕ್ ರಿಜಿಸ್ಟರ್’ ಎಂದು ಬರೆದೆ. ವಾರದೊಳಗೆ ಎಚ್.ಆರ್. ವಿಭಾಗದಿಂದ ಅವರಿಗೆ ವಿವರಣೆ ಕೇಳಿ ಪತ್ರ ಬಂತು. ಮೂರು ವರ್ಷಗಳ ರಿಜಿಸ್ಟರುಗಳನ್ನು ಪರಿಶೀಲನೆಗೆಂದು ತೆಗೆದುಕೊಂಡು ಹೋದರು. 18 ವರ್ಷ ಇಲ್ಲಿ ದುಡಿದವರು ಅವರು. ಸಂಜೆ ನನ್ನ ಮೇಜಿನ ಮುಂದೆ ನಿಂತು ‘ಮೇಡಂ, ನಾನು ಕಳ್ಳನೇ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ನಿಘಂಟು ತೆರೆದರೆ ‘ನೀತಿಗೆಟ್ಟ, ಅಪ್ರಾಮಾಣಿಕ’ ಎಂದಿದೆ. ಸ್ಕ್ರೂಪ್ಯುಲಸ್ ಎಂದರೆ ಜಾಗರೂಕ ಎಂದಾದರೆ ಅನ್‌ಸ್ಕ್ರೂಪ್ಯುಲಸ್ ಎಂದರೆ ಅಜಾಗರೂಕ ಎಂದೇಕೆ ಆಗುವುದಿಲ್ಲ? ಈ ಪದ ಅಷ್ಟೊಂದು ಕೆಟ್ಟದ್ದೇ? ಅದನ್ನು ಎಲ್ಲಿ ಬಳಸಬೇಕು? ಆಗಿರುವ ಅನಾಹುತವನ್ನು ಸರಿಪಡಿಸುವ ದಾರಿ ಇದೆಯೇ? ಇನ್ನು ಮುಂದೆ ದೊಡ್ಡ ಪದಗಳ ಸಹವಾಸವೇ ಬೇಡವೇ?

ಉತ್ತರ: ಮೊದಲು ಕೊನೆಯ ಹಿಂದಿನ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟುಬಿಡುತ್ತೇನೆ: ದಾರಿ ಇದೆ, ಈ ವಾರವೇ ಮಾಡಿ. ಹೇಗೆಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಆದರೆ ಪದದ ಸ್ವಭಾವ ತಿಳಿಯದೆ ತಿದ್ದಲು ಹೊರಟರೆ ತಿದ್ದುಪಡಿಯಲ್ಲೂ ಎಡವುವ ಸಾಧ್ಯತೆ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸಕ್ಕೆ ಸೇರಿದವರಿಗೆ ಇಂಗ್ಲಿಷ್ ಕಲಿಸುವುದು ನನ್ನ ವೃತ್ತಿ, 26 ವರ್ಷಗಳಾದವು. ನಿಮ್ಮಂಥ ತಪ್ಪನ್ನು ಓದು ಬಾರದವರು ಮಾಡುವುದಿಲ್ಲ, ಶ್ರದ್ಧೆಯಿಂದ ಕಲಿಯುವವರೇ ಮಾಡುತ್ತಾರೆ. ನೀವು ಒಂದು ಪದ ಕಲಿತಿರಿ, ‘ಅನ್’ ಸೇರಿಸಿದರೆ ವಿರುದ್ಧಾರ್ಥ ಬರುತ್ತದೆ ಎಂಬ ನಿಯಮ ಕಲಿತಿರಿ, ಎರಡನ್ನೂ ಜೋಡಿಸಿದಿರಿ. ಲೆಕ್ಕದಲ್ಲಿ ತಪ್ಪಿಲ್ಲ. ಪದಪಟ್ಟಿ ನಿಮಗೆ ಅರ್ಧ ಮಾತ್ರ ಹೇಳಿತ್ತು.

ಲ್ಯಾಟಿನ್ ಭಾಷೆಯಲ್ಲಿ ‘ಸ್ಕ್ರೂಪುಲುಸ್’ ಎಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳು ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದಲ್ಲ, ಅಂಥದ್ದು. ಆ ಚುಚ್ಚು ಕಾಲಿನಿಂದ ಮನಸ್ಸಿಗೆ ಏರಿದ್ದು ರೋಮನ್ನರ ಕಾಲದಲ್ಲೇ. ಕ್ರಿಸ್ತಪೂರ್ವ 80ರಲ್ಲಿ ಸಿಸೆರೊ ಎಂಬ ಯುವ ವಕೀಲ ರೋಮ್‌ನಲ್ಲಿ ಒಂದು ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ಪರವಾಗಿ ವಾದಿಸಿದ. ರೋಸಿಯಸ್ ಎಂಬವನ ಮೇಲೆ ತಂದೆಯನ್ನೇ ಕೊಂದ ಆರೋಪವಿತ್ತು. ಸತ್ತವನ ಆಸ್ತಿಯ ಬೆಲೆ 60 ಲಕ್ಷ ಸೆಸ್ಟರ್ಸ್. ಅದನ್ನು ಸರ್ವಾಧಿಕಾರಿ ಸುಲ್ಲನ ಆಪ್ತನಾದ ಕ್ರಿಸೊಗೊನಸ್ ಬರೀ 2,000 ಸೆಸ್ಟರ್ಸ್‌ಗೆ ಹರಾಜಿನಲ್ಲಿ ಹೊಡೆದುಕೊಂಡಿದ್ದ. ಮಗ ಬದುಕಿರುವವರೆಗೆ ಆ ಆಸ್ತಿ ನೆಮ್ಮದಿಯಿಂದ ದಕ್ಕುವುದಿಲ್ಲ. ಹಗಲೂ ರಾತ್ರಿಯೂ ತನ್ನನ್ನು ಚುಚ್ಚುತ್ತಿರುವ ಈ ‘ಸ್ಕ್ರೂಪುಲುಸ್’ ಅನ್ನು ಮನಸ್ಸಿನಿಂದ ಕಿತ್ತುಹಾಕಿ ಎಂದು ಕ್ರಿಸೊಗೊನಸ್ ನ್ಯಾಯಾಧೀಶರಾದ ನಿಮ್ಮನ್ನೇ ಕೇಳುತ್ತಿದ್ದಾನೆ, ಅಂದರೆ ಈ ಮಗನನ್ನು ಶಿಕ್ಷಿಸಿ ತನಗೆ ನಿದ್ದೆ ಬರುವಂತೆ ಮಾಡಿ ಎನ್ನುತ್ತಿದ್ದಾನೆ ಎಂದು ಸಿಸೆರೊ ವಾದಿಸಿದ. ಆ ಭಾಗವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅನ್ಯಾಯದ ಗಳಿಕೆಯನ್ನು ಬಿಟ್ಟುಕೊಟ್ಟು ನೆಮ್ಮದಿ ಪಡೆಯಬಹುದಿತ್ತು. ಅವನು ಗಳಿಕೆಯನ್ನು ಇಟ್ಟುಕೊಂಡು ಕಲ್ಲನ್ನು ಮಾತ್ರ ತೆಗೆಸಿಕೊಳ್ಳಲು ಬಯಸಿದ.

ಇಂಗ್ಲಿಷಿನ ‘ಸ್ಕ್ರೂಪಲ್’, ಅಂದರೆ ತಪ್ಪು ಮಾಡಲು ಹೊರಟಾಗ ಮನಸ್ಸಿಗಾಗುವ ಅಳುಕು, ಇದೇ ಕಲ್ಲಿನ ಮೊಮ್ಮಗ. ಹಳೆಯ ಕಾಲದ ಔಷಧ ವ್ಯಾಪಾರಿಗಳ ತಕ್ಕಡಿಯಲ್ಲಿ ಅದು ಒಂದು ತೂಕವೂ ಆಗಿತ್ತು: ಔನ್ಸಿನ 24ನೇ ಒಂದು ಭಾಗ, ಸುಮಾರು 1.3 ಗ್ರಾಂ. ನಾವು ‘ಎಳ್ಳಷ್ಟೂ ಅಳುಕಿಲ್ಲ’ ಎನ್ನುವಾಗ ಎಳ್ಳು ಮಾಡುವ ಕೆಲಸವನ್ನೇ ಅಲ್ಲಿ ಆ ಸಣ್ಣ ತೂಕ ಮಾಡುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಮನಸ್ಸಿನಲ್ಲಿ ಚುಚ್ಚುವ ಕಲ್ಲುಳ್ಳವನು ಎರಡು ರೀತಿಯಲ್ಲಿ ನಡೆದುಕೊಳ್ಳುತ್ತಾನೆ. ತಪ್ಪು ಮಾಡಲು ಹೊರಟಾಗ ಅವನಿಗೆ ಒಳಗೆ ಅಳುಕು ಹುಟ್ಟುತ್ತದೆ, ಕೈ ಹಿಂದೆಗೆಯುತ್ತದೆ. ಇದು ಮೊದಲನೆಯದು. ಎರಡನೆಯದಾಗಿ, ಸಣ್ಣ ಹರಳೂ ಅವನಿಗೆ ಗೊತ್ತಾಗುವುದರಿಂದ ಸಣ್ಣ ಸಣ್ಣ ವಿಷಯಗಳಲ್ಲೂ ಅವನು ಎಚ್ಚರ ತಪ್ಪುವುದಿಲ್ಲ. ‘ಸ್ಕ್ರೂಪ್ಯುಲಸ್’ ಪದಕ್ಕೆ ಈ ಎರಡೂ ಅರ್ಥಗಳು ಬಂದವು. ‘ಸ್ಕ್ರೂಪ್ಯುಲಸ್‌ಲಿ ಆನೆಸ್ಟ್’ ಎಂದರೆ ಒಂದು ರೂಪಾಯಿಯ ಲೆಕ್ಕದಲ್ಲೂ ಪ್ರಾಮಾಣಿಕ. ‘ಸ್ಕ್ರೂಪ್ಯುಲಸ್‌ಲಿ ಕ್ಲೀನ್’ ಎಂದರೆ ಮೂಲೆಯಲ್ಲೂ ಧೂಳಿಲ್ಲದಷ್ಟು ಶುಚಿ. ಆದರೆ ‘ಅನ್’ ಅಂಟಿಕೊಂಡದ್ದು ಮೊದಲನೆಯ ಅರ್ಥಕ್ಕೆ ಮಾತ್ರ. ಕೊಳಕು ಅಡುಗೆಮನೆಯನ್ನು ಯಾರೂ ಅನ್‌ಸ್ಕ್ರೂಪ್ಯುಲಸ್ ಎನ್ನುವುದಿಲ್ಲ. ರಿಜಿಸ್ಟರನ್ನು ತಡವಾಗಿ ಬರೆಯುವವರನ್ನೂ ಹಾಗೆನ್ನುವುದಿಲ್ಲ. ನೀವು ಎರಡನೆಯ ಕವಲಿನಲ್ಲಿ ನಿಂತು ‘ಅನ್’ ಸೇರಿಸಿದಿರಿ, ಓದಿದವರು ಅದನ್ನು ಮೊದಲನೆಯ ಕವಲಿನಲ್ಲಿ ಓದಿಕೊಂಡರು. ಅದರಲ್ಲೂ ಸ್ಟಾಕ್ ರಿಜಿಸ್ಟರ್ ಎಂಬ ಮಾತಿನ ಪಕ್ಕದಲ್ಲೇ ಆ ಪದ ಬಂದದ್ದರಿಂದ ‘ಇವರು ಸಾಮಾನು ಹೊರಗೆ ಸಾಗಿಸುತ್ತಿದ್ದಾರೆ, ಪುಸ್ತಕ ತಿದ್ದುತ್ತಿದ್ದಾರೆ’ ಎಂಬ ಅರ್ಥ ಅವರಿಗೆ ಕಂಡಿತು. ಎಚ್.ಆರ್. ವಿಭಾಗದವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ವಾಕ್ಯ ಕೈಗೆ ಬಂದಾಗ ಸುಮ್ಮನಿದ್ದರೆ ಅವರೇ ಕರ್ತವ್ಯ ತಪ್ಪಿದಂತಾಗುತ್ತಿತ್ತು.

ಇದು ಇಂಗ್ಲಿಷಿನ ವಕ್ರಬುದ್ಧಿ ಎಂದು ಬೇಸರಿಸಬೇಡಿ. ನಮ್ಮಲ್ಲಿ ‘ಮೂಲ್ಯ’ ಎಂದರೆ ಬೆಲೆ. ಹಾಗೆಂದು ‘ಅಮೂಲ್ಯ’ ಎಂದರೆ ಬೆಲೆಯಿಲ್ಲದ್ದು ಎಂದು ಯಾರಾದರೂ ಅರ್ಥ ಮಾಡಿಕೊಂಡು, ಹಿರಿಯರೊಬ್ಬರಿಗೆ ‘ನಿಮ್ಮ ಸಲಹೆ ಅಮೂಲ್ಯವಲ್ಲ, ಬಹಳ ಬೆಲೆಯುಳ್ಳದ್ದು’ ಎಂದು ಬರೆದರೆ ಹೇಗಿರುತ್ತದೆ? ಇಂಗ್ಲಿಷಿನಲ್ಲಿ ‘ಈಜಿ’ ಎಂದರೆ ಸುಲಭ, ‘ಅನ್‌ಈಜಿ’ ಎಂದರೆ ಕಷ್ಟ ಎಂದಲ್ಲ, ಮನಸ್ಸಿಗೆ ಕಸಿವಿಸಿ ಎಂದು. ‘ಅನ್’ ಎಂಬುದು ಪದದ ಒಂದು ಮಗ್ಗುಲನ್ನಷ್ಟೇ ಹಿಡಿಯುವುದು ಅಪರೂಪವೇನಲ್ಲ.

ನಿಘಂಟಿನ ‘ನೀತಿಗೆಟ್ಟ’ ಎಂಬ ಅರ್ಥದ ಬಗ್ಗೆ ನನಗೆ ಸಮಾಧಾನವಿಲ್ಲ. ಅದನ್ನು ಕೇಳಿದಾಗ ನಮ್ಮ ಮನಸ್ಸು ಕುಡಿತ, ಜೂಜು, ನಡತೆಯ ಕಡೆಗೆ ಓಡುತ್ತದೆ. ಕುಡುಕನೊಬ್ಬ ಅನ್‌ಸ್ಕ್ರೂಪ್ಯುಲಸ್ ಆಗಿರಬೇಕಾಗಿಲ್ಲ. ಬೀದಿಯಲ್ಲಿ ಬಿದ್ದುಕೊಂಡರೂ ಇನ್ನೊಬ್ಬರ ಹಣ ಮುಟ್ಟದವರಿದ್ದಾರೆ. ‘ಅಪ್ರಾಮಾಣಿಕ’ ಎಂಬುದು ಹತ್ತಿರ ಬರುತ್ತದೆ, ಆದರೂ ಮುಟ್ಟುವುದಿಲ್ಲ. ನನ್ನ ತರಗತಿಗಳಲ್ಲಿ ನಾನು ಕೊಡುವ ಕನ್ನಡ ಬೇರೆ: ಹೇಸದ. ‘ದುಡ್ಡಿಗಾಗಿ ಏನು ಮಾಡಲೂ ಹೇಸದವನು’ ಎನ್ನುತ್ತೇವಲ್ಲ, ಅದೇ ಅನ್‌ಸ್ಕ್ರೂಪ್ಯುಲಸ್. ಇಂಗ್ಲಿಷ್ ‘ಅನ್’ ಸೇರಿಸಿ ಹೇಳುವುದನ್ನು ನಾವು ‘ಹೇಸು’ ಎಂಬ ಕ್ರಿಯಾಪದದ ನಿಷೇಧ ರೂಪದಲ್ಲಿ ಹೇಳುತ್ತೇವೆ. ಅಂಜದ, ನಾಚದ, ಅಳುಕದ, ಹೇಸದ. ಇವೆಲ್ಲ ಒಂದೇ ಅಚ್ಚಿನವು. ನಿಘಂಟಿನಲ್ಲಿ ನಾಮಪದದಂಥ ಸಂಸ್ಕೃತ ಪದವನ್ನು ಹುಡುಕುವ ಅಭ್ಯಾಸದಿಂದ ನಮ್ಮ ಬಾಯಲ್ಲೇ ಇರುವ ಈ ಮಾತು ಕೈತಪ್ಪುತ್ತದೆ.

ಹೇಸದವನಿಗೆ ಒಂದು ಗುರಿ ಇರುತ್ತದೆ: ಹಣ, ಅಧಿಕಾರ, ಸೈಟು, ಬಡ್ತಿ. ಅದನ್ನು ಪಡೆಯುವ ದಾರಿಯಲ್ಲಿ ಬೇರೆಯವರನ್ನು ತಡೆದು ನಿಲ್ಲಿಸುವ ಕಲ್ಲು ಇವನನ್ನು ನಿಲ್ಲಿಸುವುದಿಲ್ಲ. ಈ ಎರಡೂ, ಅಂದರೆ ಲಾಭದ ಗುರಿ ಮತ್ತು ಅಳುಕಿನ ಅಭಾವ, ಒಟ್ಟಿಗೆ ಇದ್ದಾಗ ಮಾತ್ರ ಈ ಪದ ಕೂಡುತ್ತದೆ.

ಸುಳ್ಳು ಹೇಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಲು ನನಗೆ ಮಹಾಭಾರತದಷ್ಟು ಒದಗಿಬಂದದ್ದು ಬೇರೆ ಇಲ್ಲ. ದ್ರೋಣರನ್ನು ಬೀಳಿಸಲೇಬೇಕಾದ ದಿನ ಧರ್ಮರಾಯ ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಿ, ‘ಆನೆ’ ಎಂಬುದನ್ನು ಕೇಳಿಯೂ ಕೇಳಿಸದಂತೆ ಗೊಣಗುತ್ತಾನೆ. ಅದು ಮೋಸವೇ. ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ಆ ಕ್ಷಣದಲ್ಲಿ ನೆಲ ಮುಟ್ಟಿತು ಎನ್ನುತ್ತದೆ ಕಥೆ. ಇಂಗ್ಲಿಷಿನಲ್ಲಿ ಆ ಒಂದು ಮಾತನ್ನು ‘ಡಿಸ್‌ಆನೆಸ್ಟ್’ ಎನ್ನಬಹುದು. ಆದರೆ ಧರ್ಮರಾಯನನ್ನು ಅನ್‌ಸ್ಕ್ರೂಪ್ಯುಲಸ್ ಎನ್ನಲು ಆಗುವುದಿಲ್ಲ, ಏಕೆಂದರೆ ಅವನ ದನಿ ತಗ್ಗಿತು. ಆ ತಗ್ಗಿದ ದನಿಯೇ ಸ್ಕ್ರೂಪಲ್. ಇನ್ನು ಶಕುನಿಯನ್ನು ನೋಡಿ. ಪಗಡೆಯ ಸಭೆಯಲ್ಲಿ ಒಂದೊಂದು ಪಣಕ್ಕೂ ದಾಳ ಎಸೆದು ‘ಗೆದ್ದೆ’ ಎನ್ನುತ್ತಾನೆ. ತಮ್ಮಂದಿರನ್ನು ಪಣಕ್ಕಿಟ್ಟಾಗಲೂ, ದ್ರೌಪದಿಯನ್ನು ಇಟ್ಟಾಗಲೂ ಅದೇ ದನಿಯಲ್ಲಿ ‘ಗೆದ್ದೆ’. ಅಲ್ಲಿ ಈ ಪದ ಸರಿಯಾಗಿ ಕೂರುತ್ತದೆ.

ಇದನ್ನೇ ದಿನನಿತ್ಯಕ್ಕೆ ತಂದುಕೊಳ್ಳಿ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದ ಹುಡುಗ ಮಾಡಿದ್ದು ಡಿಸ್‌ಆನೆಸ್ಟ್ ಕೆಲಸ. ಪ್ರಶ್ನೆಪತ್ರಿಕೆಯನ್ನು ಕದ್ದು ಬಡ ಮಕ್ಕಳ ಪೋಷಕರಿಗೆ ಲಕ್ಷಗಟ್ಟಲೆ ಹಣಕ್ಕೆ ಮಾರಿದವನು ಅನ್‌ಸ್ಕ್ರೂಪ್ಯುಲಸ್. ಅಮ್ಮನಿಗೆ ನೋವಾಗದಿರಲಿ ಎಂದು ಸುಳ್ಳು ಹೇಳಿದ ಮಗಳಿಗೆ ಎರಡೂ ಪದ ಬೇಡ.

ನೆರೆಯ ಪದಗಳಲ್ಲಿ ಕಚೇರಿಯಲ್ಲಿ ಎಡವಟ್ಟು ಮಾಡುವ ಕೆಲವನ್ನು ಹೇಳುತ್ತೇನೆ. ‘ಅನ್‌ಎಥಿಕಲ್’ ಎಂಬುದು ವೃತ್ತಿಯ ನಿಯಮಕ್ಕೆ ಸಂಬಂಧಿಸಿದ್ದು. ರೋಗಿಯ ವಿವರವನ್ನು ಹೊರಗೆ ಹೇಳಿದ ವೈದ್ಯನಿಗೆ, ಕಕ್ಷಿದಾರನ ಗುಟ್ಟು ಬಿಟ್ಟುಕೊಟ್ಟ ವಕೀಲನಿಗೆ. ‘ಕರಪ್ಟ್’ ಎನ್ನಬೇಕಾದರೆ ಸ್ಥಾನವೊಂದು ಇರಬೇಕು, ಅದನ್ನು ಮಾರಿಕೊಂಡಿರಬೇಕು. ಲಂಚ ತೆಗೆದುಕೊಂಡವನು ಕರಪ್ಟ್, ಆ ಲಂಚ ಕೊಟ್ಟು ಕೆರೆಯ ಅಂಗಳದಲ್ಲಿ ಬಡಾವಣೆ ಮಾಡಿ ಮಧ್ಯಮ ವರ್ಗದವರಿಗೆ ಮಾರಿ ಮಾಯವಾದವನಿಗೆ ಅನ್‌ಸ್ಕ್ರೂಪ್ಯುಲಸ್ ಹೆಚ್ಚು ಹೊಂದುತ್ತದೆ. ‘ರೂತ್‌ಲೆಸ್’ ಎಂದರೆ ಕರುಣೆಯಿಲ್ಲದ. ನಿಯಮದೊಳಗೇ ಇದ್ದು ನಿರ್ದಯವಾಗಿರಬಹುದು, ಕ್ರೀಡಾಪಟುವಿಗೆ ಅದು ಹೊಗಳಿಕೆಯೂ ಆಗುತ್ತದೆ. ‘ಕನಿಂಗ್’ ಬುದ್ಧಿಯ ಚಾಲಾಕಿತನವನ್ನು ಹೇಳುತ್ತದೆ, ಅದು ನರಿಗೆ. ‘ಅನ್‌ಪ್ರಿನ್ಸಿಪಲ್ಡ್’ ಒಂದೇ ತೀರಾ ಹತ್ತಿರದ ನೆಂಟ, ಬಹಳ ಕಡೆ ಅದಲುಬದಲಾಗಿ ನಡೆಯುತ್ತದೆ.

ಇನ್ನು ಬಳಕೆ. ಇಂಗ್ಲಿಷ್ ಮಾತನಾಡುವ ದೇಶಗಳಲ್ಲೂ ಈ ಪದ ಊಟದ ಮೇಜಿಗಿಂತ ಪತ್ರಿಕೆ, ವರದಿ, ದೂರು ಅರ್ಜಿಗಳಲ್ಲಿ ಹೆಚ್ಚು. ಅದು ಸಾಮಾನ್ಯವಾಗಿ ಒಂದು ವೃತ್ತಿ ಅಥವಾ ಗುಂಪಿನ ಹೆಸರಿಗಿಂತ ಮೊದಲು ನಿಲ್ಲುತ್ತದೆ: ದಲ್ಲಾಳಿ, ಮನೆ ಮಾಲೀಕ, ಸಾಲ ಕೊಡುವವನು, ಗುತ್ತಿಗೆದಾರ. ‘ಅನ್‌ಸ್ಕ್ರೂಪ್ಯುಲಸ್ ಏಜೆಂಟ್ಸ್ ಟೇಕ್ ಮನಿ ಫ್ರಮ್ ಪೀಪಲ್ ಹೂ ವಾಂಟ್ ಜಾಬ್ಸ್ ಇನ್ ದ ಗಲ್ಫ್’, ಅಂದರೆ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಬಯಸುವವರಿಂದ ಹೇಸದ ಏಜೆಂಟರು ಹಣ ಕೀಳುತ್ತಾರೆ ಎಂಬ ವಾಕ್ಯ ಕರಾವಳಿಯ ಓದುಗರಿಗೆ ವಿವರಣೆ ಬೇಡದಷ್ಟು ಪರಿಚಿತ. ಕ್ಷೇತ್ರವನ್ನು ಹೇಳಬೇಕಾದರೆ ‘ಇನ್’ ಬಳಸಿ: ‘ಹಿ ವಾಸ್ ಕೈಂಡ್ ಅಟ್ ಹೋಮ್ ಬಟ್ ಅನ್‌ಸ್ಕ್ರೂಪ್ಯುಲಸ್ ಇನ್ ಬಿಸಿನೆಸ್’, ಮನೆಯಲ್ಲಿ ಕರುಣಾಳು, ವ್ಯಾಪಾರದಲ್ಲಿ ಮಾತ್ರ ಯಾವುದಕ್ಕೂ ಹೇಸದವನು. ಕೃತ್ಯವನ್ನೂ ಸೇರಿಸಿ ಹೇಳಬೇಕಾದರೆ ‘ಎನಫ್ ಟು’ ಬಹಳ ಉಪಕಾರಿ: ‘ಸಮ್ ಡೀಲರ್ಸ್ ಆರ್ ಅನ್‌ಸ್ಕ್ರೂಪ್ಯುಲಸ್ ಎನಫ್ ಟು ಸೆಲ್ ಓಲ್ಡ್ ಬ್ಯಾಟರೀಸ್ ಆಸ್ ನ್ಯೂ’, ಹಳೆಯ ಬ್ಯಾಟರಿಯನ್ನು ಹೊಸದೆಂದು ಮಾರಲೂ ಹೇಸದ ಡೀಲರುಗಳಿದ್ದಾರೆ. ಈ ಅಚ್ಚು ನನಗೆ ಇಷ್ಟವಾಗುವುದಕ್ಕೆ ಕಾರಣ, ಅದು ಬರೆಯುವವರಿಂದ ಪುರಾವೆ ಕೇಳುತ್ತದೆ. ಏನು ಮಾಡಿದ ಎಂಬುದನ್ನು ಹೇಳದೆ ವಾಕ್ಯ ಮುಗಿಯುವುದೇ ಇಲ್ಲ.

ಕನ್ನಡದಿಂದ ಬರುವ ಎರಡು ಮೂರು ತಪ್ಪುಗಳಿವೆ. ‘ಮೋಸ ಮಾಡಿದ’ ಎಂಬ ಅಚ್ಚಿನಲ್ಲಿ ‘ಹಿ ಡಿಡ್ ಅನ್‌ಸ್ಕ್ರೂಪ್ಯುಲಸ್’ ಎಂದು ಬರೆಯುತ್ತಾರೆ. ಅದು ಗುಣವಾಚಕ, ಅದನ್ನು ‘ಮಾಡಲು’ ಆಗುವುದಿಲ್ಲ. ‘ಅನ್‌ಸ್ಕ್ರೂಪ್ಯುಲಸ್ ಮೈಂಡೆಡ್’ ಎಂದು ಬಾಲ ಸೇರಿಸುತ್ತಾರೆ, ಬೇಡ. ಏಕವಚನದಲ್ಲಿ ಇದಕ್ಕೆ ಮೊದಲು ‘ಆ್ಯನ್’ ಬರಬೇಕು, ‘ಆ್ಯನ್ ಅನ್‌ಸ್ಕ್ರೂಪ್ಯುಲಸ್ ಟ್ರೇಡರ್’. ಉಚ್ಚಾರಣೆಯಲ್ಲಿ ಒತ್ತು ‘ಸ್ಕ್ರೂ’ ಮೇಲೆ, ನಡುವಿನ ‘ಪ್ಯು’ ನುಂಗಬಾರದು. ಇಷ್ಟು ಸಾಕು.

ಬಾಯಿಮಾತಿನಲ್ಲಾದರೆ ಇದಕ್ಕಿಂತ ಹಗುರವಾದ ದಾರಿ ಇದೆ. ‘ಹಿ ಹ್ಯಾಸ್ ನೋ ಸ್ಕ್ರೂಪಲ್ಸ್’ ಎನ್ನಬಹುದು, ಅವನಿಗೆ ಅಳುಕೆಂಬುದೇ ಇಲ್ಲ ಎಂದು. ಇಲ್ಲವೇ ‘ಹಿ ವುಡ್ ಡು ಎನಿಥಿಂಗ್ ಫಾರ್ ಮನಿ’. ಹಣಕ್ಕಾಗಿ ಏನು ಮಾಡಲೂ ಹೇಸುವುದಿಲ್ಲ ಎಂಬ ನಮ್ಮ ಮಾತು ಅಲ್ಲಿ ಇಂಗ್ಲಿಷಿನವರ ನಾಲಿಗೆಯ ಮೇಲೂ ಇದ್ದಂತೆಯೇ ಇದೆ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಈ ವಾಕ್ಯವನ್ನೇ ಕಲಿಸುತ್ತೇನೆ.

ನಮ್ಮ ದೇಶದ ಇಂಗ್ಲಿಷಿನಲ್ಲಿ ಇನ್ನೊಂದು ಪ್ರಯೋಗವುಂಟು, ‘ಅನ್‌ಸ್ಕ್ರೂಪ್ಯುಲಸ್ ಎಲಿಮೆಂಟ್ಸ್’. ಸಾರ್ವಜನಿಕ ಪ್ರಕಟಣೆಗಳಲ್ಲಿ ಅದನ್ನು ನೀವು ಕಂಡಿರುತ್ತೀರಿ. ಹೆಸರು ಹೇಳಲು ಆಗದಿದ್ದಾಗ, ಹೇಳಬಾರದಾದಾಗ ಬಳಸುವ ಮಾತು ಅದು. 2020ರ ಡಿಸೆಂಬರ್‌ನಲ್ಲಿ ಅನಧಿಕೃತ ಸಾಲದ ಆ್ಯಪ್‌ಗಳ ಹಾವಳಿ ಹೆಚ್ಚಿದಾಗ ರಿಸರ್ವ್ ಬ್ಯಾಂಕ್ ಹೊರಡಿಸಿದ ಎಚ್ಚರಿಕೆಯಲ್ಲಿ ಇಂಥ ‘ಅನ್‌ಸ್ಕ್ರೂಪ್ಯುಲಸ್ ಆ್ಯಕ್ಟಿವಿಟೀಸ್’ಗೆ ಬಲಿಯಾಗಬೇಡಿ ಎಂದು ಜನರಿಗೆ ಹೇಳಿತ್ತು. ವಿಪರೀತ ಬಡ್ಡಿ, ಮುಚ್ಚಿಟ್ಟ ಶುಲ್ಕಗಳು, ಸಾಲಗಾರರ ಫೋನಿನ ಮಾಹಿತಿಯ ದುರುಪಯೋಗ, ವಸೂಲಿಯ ಹೆಸರಿನಲ್ಲಿ ಒಪ್ಪಲಾಗದ ದಬ್ಬಾಳಿಕೆ, ಇವೆಲ್ಲವನ್ನೂ ಆ ಒಂದು ಪದದೊಳಗೆ ಇಟ್ಟಿದ್ದರು. ಅಲ್ಲಿ ಪದವನ್ನು ವ್ಯಕ್ತಿಗೆ ಅಂಟಿಸದೆ ಕೃತ್ಯಕ್ಕೆ ಅಂಟಿಸಿದ್ದನ್ನು ಗಮನಿಸಿ. ಅದು ಕಲಿಯಬೇಕಾದ ಎಚ್ಚರ.

ಪದದ ಪೂರ್ತಿ ಭಾರ ಗೊತ್ತಾಗಬೇಕಾದರೆ ಇಂಗ್ಲೆಂಡಿನ ಒಂದು ಘಟನೆ ನೆನಪಿಸಿಕೊಳ್ಳಬೇಕು. 2004ರ ಫೆಬ್ರುವರಿ 5ರ ರಾತ್ರಿ ಮೋರ್‌ಕಂಬ್ ಕೊಲ್ಲಿಯ ಮರಳ ದಿಬ್ಬಗಳ ಮೇಲೆ ಚಿಪ್ಪುಮೀನು ಹೆಕ್ಕುತ್ತಿದ್ದ ಚೀನಾದ ವಲಸೆ ಕಾರ್ಮಿಕರನ್ನು ಸಮುದ್ರದ ಉಬ್ಬರ ಸುತ್ತುವರಿಯಿತು. ಕನಿಷ್ಠ 21 ಜನ ಸತ್ತರು. ಆ ಕೊಲ್ಲಿಯಲ್ಲಿ ನೀರು ಎಷ್ಟು ವೇಗವಾಗಿ ಏರುತ್ತದೆ ಎಂದು ಸ್ಥಳೀಯರಿಗೆ ಗೊತ್ತಿತ್ತು, ಇವರಿಗೆ ಭಾಷೆಯೂ ಬಾರದು, ಊರೂ ತಿಳಿಯದು. ಅವರನ್ನು ಅಲ್ಲಿಗೆ ಇಳಿಸಿದ್ದ ಮೇಸ್ತ್ರಿಗೆ 2006ರಲ್ಲಿ 14 ವರ್ಷ ಸೆರೆಮನೆಯಾಯಿತು. ಇಂಥ ಕೆಲಸಗಳಿಗೆ ಕೂಲಿಗಳನ್ನು ಒದಗಿಸುವ ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು ಅದೇ 2004ರಲ್ಲಿ ಬಂತು. ಬೆಲೆ ಬರುವ ಚಿಪ್ಪಿಗಾಗಿ ಮನುಷ್ಯರನ್ನು ಕತ್ತಲಲ್ಲಿ ಸಮುದ್ರಕ್ಕೆ ಬಿಟ್ಟವನಿಗೆ ಹೇಳುವ ಪದವಿದು. ಮೂರು ದಿನಗಳ ಇಂಡೆಂಟನ್ನು ಒಟ್ಟಿಗೆ ಬರೆದವರಿಗೆ ಅದನ್ನು ಹೇಳಿದಿರಿ ಎಂದಾಗ ಆ ಹಿರಿಯರಿಗೆ ಏನಾಗಿರಬಹುದು ಎಂಬುದು ನಿಮಗೇ ಅರ್ಥವಾಗುತ್ತದೆ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಉದ್ದನೆಯ, ಲ್ಯಾಟಿನ್ ಮೂಲದ ಪದ ಮೃದುವಾಗಿರುತ್ತದೆ, ಗೌರವದ್ದಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಕನ್ನಡದಲ್ಲಿ ಸಂಸ್ಕೃತ ಪದಕ್ಕೆ ಸಿಗುವ ಮರ್ಯಾದೆಯನ್ನು ನಾವು ಇಂಗ್ಲಿಷಿಗೂ ಒಯ್ಯುತ್ತೇವೆ. ‘ಕೇರ್‌ಲೆಸ್’ ಎಂಬ ಚಿಕ್ಕ ಪದ ಕೆಲಸವನ್ನು ಆಕ್ಷೇಪಿಸುತ್ತದೆ. ನೀವು ಬಳಸಿದ ದೊಡ್ಡ ಪದ ಮನುಷ್ಯನನ್ನೇ ಆಕ್ಷೇಪಿಸಿತು.

ಈಗ ತಿದ್ದುವ ವಿಚಾರ. ನಿಮ್ಮ ಮುಂದಿರುವ ಒಂದು ದಾರಿ ಸುಮ್ಮನಿರುವುದು. ರಿಜಿಸ್ಟರ್ ಪರಿಶೀಲನೆಯಲ್ಲಿ ಏನೂ ಸಿಗುವುದಿಲ್ಲ, ತಾನಾಗಿಯೇ ತಣ್ಣಗಾಗುತ್ತದೆ ಎಂದು ಕೆಲವರು ನಿಮಗೆ ಸಲಹೆ ಕೊಡಬಹುದು. ಅದನ್ನು ಒಪ್ಪಬೇಡಿ. ಕಾಗದ ತಣ್ಣಗಾಗುವುದಿಲ್ಲ. ಅವರ ಕಡತದಲ್ಲಿ ಆ ಸಾಲು ಉಳಿಯುತ್ತದೆ, ನಾಲ್ಕು ವರ್ಷ ಕಳೆದು ನಿಮ್ಮ ಜಾಗಕ್ಕೆ ಬಂದ ಬೇರೊಬ್ಬರು ಅದನ್ನು ಓದುತ್ತಾರೆ. ತರಬೇತಿಗೆಂದು ಹೋದ ಒಂದು ಕಾರ್ಖಾನೆಯಲ್ಲಿ ನಾನು ಇಂಥ ಹಳೆಯ ಸಾಲೊಂದನ್ನು ಕಂಡಿದ್ದೇನೆ. ಬರೆದವರು ನಿವೃತ್ತರಾಗಿದ್ದರು, ಏನನ್ನು ಹೇಳಹೊರಟಿದ್ದರೆಂದು ಕೇಳಲು ಯಾರೂ ಇರಲಿಲ್ಲ, ಆ ನೌಕರನ ಬಡ್ತಿ ಮಾತ್ರ ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಬರೀ ಬಾಯಲ್ಲಿ ಕ್ಷಮೆ ಕೇಳುವುದು ಇನ್ನೊಂದು ದಾರಿ. ಅದನ್ನು ಮಾಡಲೇಬೇಕು, ಆದರೆ ಅದೊಂದೇ ಸಾಲದು.

ಲಿಖಿತವಾಗಿ ತಿದ್ದುಪಡಿ ಕೊಡುವುದೇ ಸರಿ. ಇದರಲ್ಲೂ ಅಪಾಯವಿಲ್ಲ ಎನ್ನಲಾರೆ. ನಿಮ್ಮ ಇಂಗ್ಲಿಷಿನ ಬಗ್ಗೆ ಮೇಲಿನವರಿಗೆ ಅನುಮಾನ ಹುಟ್ಟಬಹುದು. ಅದಕ್ಕಿಂತ ಮುಖ್ಯವಾಗಿ, ಯಾರದೋ ಒತ್ತಡಕ್ಕೆ ಮಣಿದು ಆರೋಪ ಹಿಂತೆಗೆದುಕೊಳ್ಳುತ್ತಿದ್ದೀರಿ ಎಂದು ಅವರು ಭಾವಿಸಬಹುದು. ಈ ಎರಡನೆಯ ಅನುಮಾನಕ್ಕೆ ಔಷಧ, ನೀವು ಹೇಳಬೇಕಾಗಿದ್ದ ನಿಜವಾದ ದೂರನ್ನು ದಿನಾಂಕ, ಪುಟಸಂಖ್ಯೆಗಳೊಡನೆ ಅದೇ ಪತ್ರದಲ್ಲಿ ಬರೆಯುವುದು. ಆಗ ಪತ್ರ ಓದಿದವರಿಗೆ ನೀವು ಏನನ್ನೂ ಮುಚ್ಚುತ್ತಿಲ್ಲ ಎಂದು ತಿಳಿಯುತ್ತದೆ. ಪಶ್ಚಾತ್ತಾಪದ ಭರದಲ್ಲಿ ‘ಅವರ ಕೆಲಸದಲ್ಲಿ ಯಾವ ದೋಷವೂ ಇಲ್ಲ’ ಎಂದು ಬರೆದುಬಿಡಬೇಡಿ. ರಿಜಿಸ್ಟರ್ ತಡವಾಗುತ್ತಿರುವುದು ನಿಜ, ಅದು ಸರಿಯಾಗಲೇಬೇಕು.

ಮೂರು ಸಾಲು ಸಾಕು. ‘ದ ವರ್ಡ್ ಐ ಯೂಸ್ಡ್ ವಾಸ್ ರಾಂಗ್. ಐ ಮೆಂಟ್ ದಟ್ ದ ರಿಜಿಸ್ಟರ್ ವಾಸ್ ನಾಟ್ ಕೆಪ್ಟ್ ಕೇರ್‌ಫುಲಿ. ಐ ಹ್ಯಾವ್ ನೋ ರೀಸನ್ ಟು ಡೌಟ್ ಹಿಸ್ ಆನೆಸ್ಟಿ.’ ನಾನು ಬಳಸಿದ ಪದ ತಪ್ಪು, ರಿಜಿಸ್ಟರನ್ನು ಎಚ್ಚರದಿಂದ ಬರೆಯುತ್ತಿಲ್ಲ ಎಂಬುದು ನನ್ನ ಮಾತಾಗಿತ್ತು, ಅವರ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಕಾರಣವಿಲ್ಲ. ಬಳಿಕ ವಿವರಗಳು. ಹಳೆಯ ವರದಿಯ ಜೊತೆಗೇ ಈ ಪತ್ರವನ್ನು ಕಡತದಲ್ಲಿ ಇಡಬೇಕೆಂದು, ಅವರಿಗೆ ಕಳುಹಿಸಿದ ವಿವರಣೆಯ ಪತ್ರವನ್ನು ಇದರ ಬೆಳಕಿನಲ್ಲಿ ಮರುಪರಿಶೀಲಿಸಬೇಕೆಂದು ಸ್ಪಷ್ಟವಾಗಿ ಕೇಳಿ. ‘ಟೈಪಿಂಗ್ ತಪ್ಪು’ ಎನ್ನಬೇಡಿ, ಅದು ಸುಳ್ಳು. ‘ನೀವು ತಪ್ಪಾಗಿ ಅರ್ಥ ಮಾಡಿಕೊಂಡಿರಿ’ ಎಂದೂ ಬರೆಯಬೇಡಿ. ಅವರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಾರೆ.

ಕಾನೂನಿನ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಸಂಬಂಧಿಸಿದ್ದು. ಮೇಲಧಿಕಾರಿ ತನ್ನ ಅಧಿಕಾರದ ವ್ಯಾಪ್ತಿಯೊಳಗೆ, ಸದುದ್ದೇಶದಿಂದ ಮಾಡುವ ಆಕ್ಷೇಪಣೆಗೆ ಅದರಲ್ಲಿ ವಿನಾಯಿತಿಯಿದೆ. ನಾನು ಭಾಷೆಯ ಮನುಷ್ಯ, ವಕೀಲನಲ್ಲ. ಅವರು ನೋಟಿಸ್ ಕೊಟ್ಟರೆ ವಕೀಲರನ್ನು ಕಾಣಿ. ಆದರೆ ತಪ್ಪು ತಿಳಿದ ಮೇಲೂ ತಿದ್ದದೆ ಕುಳಿತರೆ ಸದುದ್ದೇಶವಿತ್ತು ಎಂದು ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ ಎಂಬುದಕ್ಕೆ ಕಾನೂನು ಓದಿರಬೇಕಾಗಿಲ್ಲ.

ಆ ಹಿರಿಯರ ಬಳಿ ಕನ್ನಡದಲ್ಲೇ ಮಾತನಾಡಿ, ಸಾಧ್ಯವಾದರೆ ಅವರು ಪ್ರಶ್ನೆ ಕೇಳಿದ ಅದೇ ಮೇಜಿನ ಮುಂದೆ, ನೀವು ನಿಂತುಕೊಂಡು. ‘ನಾನು ನಿಮ್ಮನ್ನು ಕಳ್ಳ ಎಂದಿಲ್ಲ’ ಎಂದರೆ ಅವರಿಗೆ ಸಮಾಧಾನವಾಗದು, ಏಕೆಂದರೆ ಕಾಗದ ಹಾಗೆಯೇ ಹೇಳಿದೆ. ‘ನಾನು ಬರೆದ ಪದಕ್ಕೆ ಆ ಅರ್ಥವಿದೆ ಎಂದು ನನಗೆ ಗೊತ್ತಿರಲಿಲ್ಲ, ತಪ್ಪು ನನ್ನದು, ತಿದ್ದಿ ಬರೆದಿದ್ದೇನೆ, ನೋಡಿ’ ಎನ್ನಿ. ರಿಜಿಸ್ಟರಿನ ಮಾತನ್ನು ಅಂದು ಎತ್ತಬೇಡಿ, ಅದಕ್ಕೆ ಇನ್ನೊಂದು ದಿನವಿದೆ.

ದೊಡ್ಡ ಪದಗಳ ಸಹವಾಸ ಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ದಿನಕ್ಕೆ ಐದರ ಬದಲು ಒಂದು ಪದ ಕಲಿಯಿರಿ, ಆದರೆ ಆ ಒಂದನ್ನು ಐದು ಬೇರೆ ಬೇರೆ ವಾಕ್ಯಗಳಲ್ಲಿ ಕಂಡ ಮೇಲೆ ಮಾತ್ರ ನಿಮ್ಮದೆಂದು ತಿಳಿಯಿರಿ. ಪದ ಯಾರ ಪಕ್ಕದಲ್ಲಿ ಕುಳಿತಿದೆ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅನ್‌ಸ್ಕ್ರೂಪ್ಯುಲಸ್ ಎಂಬುದರ ಪಕ್ಕದಲ್ಲಿ ಸದಾ ವಂಚಕ ದಲ್ಲಾಳಿಗಳೇ ಕಾಣುತ್ತಿದ್ದರೆ, ನಿಮ್ಮ ಗುಮಾಸ್ತರನ್ನು ಆ ಸಾಲಿನಲ್ಲಿ ಕೂರಿಸುವ ಮೊದಲು ನಿಮ್ಮ ಕೈ ತಾನಾಗಿ ತಡೆಯುತ್ತಿತ್ತು. ಮನುಷ್ಯರ ಗುಣದ ಬಗ್ಗೆ ಹೇಳುವ ಪದಗಳಿಗೆ, ಅದರಲ್ಲೂ ಇನ್ನೊಬ್ಬರ ಕಡತಕ್ಕೆ ಹೋಗುವ ಪದಗಳಿಗೆ, ಕನ್ನಡದಿಂದ ಕನ್ನಡಕ್ಕೆ ಒಮ್ಮೆ ತೂಗಿ ನೋಡಿ: ಇದನ್ನೇ ಅವರ ಮುಖ ನೋಡಿ ಕನ್ನಡದಲ್ಲಿ ಹೇಳಬಲ್ಲೆನೇ? ‘ನೀವು ಏನು ಮಾಡಲೂ ಹೇಸದವರು’ ಎಂದು ನೀವು ಅವರಿಗೆ ಎಂದೂ ಹೇಳುತ್ತಿರಲಿಲ್ಲ.

ಹೊಸ ವರದಿಯಲ್ಲಿ ಆ ಜಾಗದಲ್ಲಿ ಏನು ಬರೆಯಬೇಕೆಂದರೆ, ಗುಣವಾಚಕವೇ ಬೇಡ. ‘ದ ಸ್ಟಾಕ್ ರಿಜಿಸ್ಟರ್ ಈಸ್ ಆಫನ್ ರಿಟನ್ ಟೂ ಆರ್ ತ್ರೀ ಡೇಸ್ ಲೇಟ್. ಹಿ ನೀಡ್ಸ್ ಟು ಮೇಕ್ ದ ಎಂಟ್ರೀಸ್ ಆನ್ ದ ಸೇಮ್ ಡೇ ಆ್ಯಂಡ್ ಚೆಕ್ ದ ಟೋಟಲ್ಸ್.’ ರಿಜಿಸ್ಟರ್ ಆಗಾಗ ಎರಡು ಮೂರು ದಿನ ತಡವಾಗುತ್ತಿದೆ, ಅಂದಂದೇ ಬರೆದು ಮೊತ್ತ ಸರಿನೋಡಬೇಕು ಎಂದಿಷ್ಟೇ. ಕಳುಹಿಸುವ ಮೊದಲು ಅದರ ಒಂದು ಪ್ರತಿಯನ್ನು ಅವರಿಗೆ ಕೊಟ್ಟು ಓದಿಸಿ.